ದಶಮಾಂಶದಿಂದ ಶುರು ಮಾಡಿದೆ, ಸಿಟ್ಟಿನವರೆಗೆ ಬಂತು

ಬೈಬಲಿನ ಒಂದೊಂದು ವಾಕ್ಯವನ್ನು ದಿನದ ಒಂದೊಂದು ಕೆಲಸಕ್ಕೆ ಕಟ್ಟಿ ನಡೆಯಲು ಹೊರಟಾಗ "ದಿನಚರಿ ಬದಲಾಯಿಸಿದರೆ ನಂಬಿಕೆ ಬೆಳೆಯುತ್ತಾ?" ಅಂತ ನಮ್ಮ ಬೈಬಲ್ ಗುಂಪಿನಲ್ಲಿ ಕೇಳಿದವರೇ ಜಾಸ್ತಿ. ಹಿರಿಯರೊಬ್ಬರು "ಇದು ಭಕ್ತಿ ಅಲ್ಲಪ್ಪ, ಲೆಕ್ಕಪತ್ರ" ಅಂದೇ ಬಿಟ್ಟರು. ಎರಡೂವರೆ ವರ್ಷ ಆಯಿತು. ಈಗ ಅದೇ ಗುಂಪಿನ ನಾಲ್ಕೈದು ಜನ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವಾಕ್ಯ ಓದುವುದು, ಪ್ರಾರ್ಥನೆ ಮಾಡುವುದು ಹೇಗೆ ಅಂತ ನಿಮಗೆ ಹೇಳಬೇಕಿಲ್ಲ. ನನಗೂ ಗೊತ್ತಿತ್ತು. ಭಾನುವಾರ ಗೊತ್ತಿದ್ದದ್ದು ಸೋಮವಾರ ನಡೆಯಲ್ಲಿ ಬರುತ್ತಿರಲಿಲ್ಲ, ಅಷ್ಟೇ.

ಸೋತದ್ದನ್ನು ಮೊದಲು ಹೇಳುತ್ತೇನೆ. ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸುವ ಯೋಜನೆ, 1189 ಅಧ್ಯಾಯ, ದಿನಕ್ಕೆ ಮೂರೋ ನಾಲ್ಕೋ. ಮೂರು ವರ್ಷ ಜನವರಿ 1ಕ್ಕೆ ಶುರು ಮಾಡಿ ಮೂರು ಸಲವೂ ಮೂರನೇ ಪುಸ್ತಕವಾದ ಯಾಜಕಕಾಂಡದಲ್ಲೇ ನಿಂತೆ. ಆಮೇಲೆ ಬೈಬಲಿನ ಪ್ರವಾದಿ ದಾನಿಯೇಲನ ಹಾಗೆ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ ಅಂತ ಮೊಬೈಲ್‌ನಲ್ಲಿ ಮೂರು ಅಲಾರಂ ಇಟ್ಟೆ. ಹನ್ನೊಂದು ದಿನವೋ ಏನೋ ನಡೆಯಿತು. ಆಮೇಲೆ ಕೈ ತಾನಾಗೇ ಅಲಾರಂ ಆಫ್ ಮಾಡತೊಡಗಿತು.

ಆಗ ಗೊತ್ತಾಯಿತು, ಅಭ್ಯಾಸವನ್ನು ಗಡಿಯಾರಕ್ಕೆ ಕಟ್ಟಬಾರದು, ನಾವು ಹೇಗಿದ್ದರೂ ಮಾಡುವ ಕೆಲಸಕ್ಕೆ ಕಟ್ಟಬೇಕು. ಒಂದು ವಾಕ್ಯ, ಒಂದು ಕೆಲಸ. ಅದು ಗಟ್ಟಿಯಾಗುವವರೆಗೆ ಇನ್ನೊಂದಕ್ಕೆ ಕೈ ಹಾಕಬಾರದು.

ಮೊದಲು ದುಡ್ಡು. ತಿಂಗಳ ಕೊನೆಗೆ ಉಳಿದದ್ದರಲ್ಲಿ ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ಕೊಡುತ್ತಿದ್ದೆ, ಸರಿಯಾಗೇ ಕೊಡುತ್ತಿದ್ದೇನೆ ಅಂತ ನಂಬಿದ್ದೆ. ಒಂದು ದಿನ ಕೂತು ಇಡೀ ವರ್ಷದ ಲೆಕ್ಕ ತೆಗೆದರೆ ಹತ್ತು ಪರ್ಸೆಂಟ್ ಎಲ್ಲಿ, ಎರಡೂ ದಾಟಿರಲಿಲ್ಲ. ಕ್ರೆಡಿಟ್ ಕಾರ್ಡ್ ಬಡ್ಡಿಗೆ ಹೋದದ್ದು ಅದರ ಮೂರು ಪಟ್ಟು. ಆ ರಾತ್ರಿ ನಿದ್ದೆ ಬರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 16:2ರಲ್ಲಿ ಪೌಲನು ವಾರದ ಮೊದಲ ದಿನವೇ ತೆಗೆದಿಡಿ ಅನ್ನುತ್ತಾನಲ್ವಾ, ಅದನ್ನು ಸಂಬಳದ ದಿನಕ್ಕೆ ಕಟ್ಟಿದೆ. ಬೇರೆ ಖಾತೆ ತೆರೆದೆ, ಸಂಬಳ ಬಿದ್ದ ತಕ್ಷಣ ಮೂರು ಪರ್ಸೆಂಟ್ ಅಲ್ಲಿಗೆ. ಎರಡು ತಿಂಗಳಿಗೆ ಹುಮ್ಮಸ್ಸು ಬಂದು ಒಮ್ಮೆಲೇ ಹತ್ತಕ್ಕೆ ಏರಿಸಿದೆ. ಮನೆಯವಳನ್ನು ಕೇಳಿರಲಿಲ್ಲ. ಮುಂದಿನ ಕಂತು ಕಟ್ಟಲು ಸ್ನೇಹಿತನ ಹತ್ತಿರ ಸಾಲ ಮಾಡಬೇಕಾಯಿತು. ನಾನು ಮಾಡಿದ ದೊಡ್ಡ ತಪ್ಪು ಇದೇ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿ ನಾಲ್ಕಕ್ಕೆ ಇಳಿಸಿದೆವು, ಮೂರು ತಿಂಗಳಿಗೊಮ್ಮೆ ಒಂದೊಂದು ಏರಿಸಿದೆವು. ಹತ್ತು ಮುಟ್ಟಲು ಒಂದೂವರೆ ವರ್ಷ ಹಿಡಿಯಿತು. ಕಾರ್ಡಿನ ಬಾಕಿ ಅದಕ್ಕಿಂತ ಮೊದಲೇ ತೀರಿತು, ಲೆಕ್ಕ ಕಣ್ಣ ಮುಂದಿದ್ದರೆ ಸುಮ್ನೆ ಖರ್ಚು ಮಾಡಲು ಮನಸ್ಸೇ ಬರುವುದಿಲ್ಲ. ಹತ್ತು ದಾಟಿದ ಮೇಲಿನದು ಎಲ್ಲಿಗೆ ಹೋಗುತ್ತದೆ ಅಂತ ಬರೆಯುವುದಿಲ್ಲ. ಎಡಗೈಗೂ ಗೊತ್ತಾಗಬಾರದು ಅಂತ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. 119ನೇ ಕೀರ್ತನೆಯಲ್ಲಿ 176 ವಚನ, ಎಂಟೆಂಟರ 22 ಭಾಗ. ದಿನಕ್ಕೊಂದು ಭಾಗ ಕೈಯಲ್ಲಿ ಬರೆದೆ. ಅಭ್ಯಾಸವೇನೂ ಬದಲಾಗಲಿಲ್ಲ, ಆದರೆ ಅವಸರವಿಲ್ಲದೆ ಓದುವುದು ಬಂತು. ಗಟ್ಟಿಯಾಗಿ ನಿಂತದ್ದು ಬೈಬಲಿನ ಜ್ಞಾನೋಕ್ತಿಗಳು ಪುಸ್ತಕ. 31 ಅಧ್ಯಾಯ, ಇವತ್ತು ಯಾವ ತಾರೀಖೋ ಆ ಅಧ್ಯಾಯ. ಒಂದು ದಿನ ತಪ್ಪಿದರೆ ಬಾಕಿ ಉಳಿಯುವುದಿಲ್ಲ, ಇವತ್ತಿನದನ್ನು ತೆರೆದರಾಯಿತು. ವರ್ಷದ ಯೋಜನೆಯಲ್ಲಿ ನನ್ನನ್ನು ಕೆಡವುತ್ತಿದ್ದದ್ದೇ ಆ ಬಾಕಿ.

ಸಿಟ್ಟು ಎಲ್ಲಕ್ಕಿಂತ ಕಷ್ಟ. ಕೆಲಸದ ಜಾಗದ ಸಿಟ್ಟನ್ನು ಮಕ್ಕಳ ಮೇಲೆ ತೀರಿಸುತ್ತಿದ್ದೆ. ಯಾಕೋಬನ ಪತ್ರಿಕೆ 1:19 ಹೇಳುತ್ತದೆ, ಕೇಳುವುದರಲ್ಲಿ ಬೇಗ, ಮಾತಾಡುವುದರಲ್ಲಿ ನಿಧಾನ. ಮನೆ ಬಾಗಿಲಿನ ಹಿಡಿಗೆ ಕೈ ಹಾಕಿದಾಗ ಇದನ್ನು ಹೇಳಿಕೊಂಡೇ ಒಳಗೆ ಹೋಗಬೇಕು ಅಂತ ಇಟ್ಟುಕೊಂಡೆ. ಮೂರು ವಾರ ಕೆಲಸ ಮಾಡಲಿಲ್ಲ. ನೋಡಿದರೆ ಬಾಗಿಲು ತೆಗೆಯುವಾಗಲೂ ಕಣ್ಣು ಮೊಬೈಲ್ ಮೇಲೇ ಇತ್ತು. ಮೊಬೈಲ್ ಚೀಲಕ್ಕೆ ಹಾಕಿದ ಮೇಲೆ ವಾಕ್ಯ ನೆನಪಾಯಿತು. ಕೂಗಾಡಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಿದ್ದೆ, ತಿಂಗಳಿಗೆ ಇಪ್ಪತ್ತರ ಹತ್ತಿರ ಇದ್ದದ್ದು ಈಗ ನಾಲ್ಕೋ ಐದೋ. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಮಕ್ಕಳನ್ನೇ ಕೇಳಬಹುದು. ಬಾಗಿಲ ಹತ್ತಿರ ಇನ್ನೊಂದು ಕೆಲಸವನ್ನೂ ಮಾಡುತ್ತೇನೆ, ಅದು ನನಗೂ ಕರ್ತನಿಗೂ ಮಾತ್ರ.

ಈ ವರ್ಷ ಸೇರಿಸಿದ್ದು ಮತ್ತಾಯ 5:23, 24, ಮೊದಲು ಸಹೋದರನ ಜೊತೆ ರಾಜಿಯಾಗು, ಆಮೇಲೆ ಕಾಣಿಕೆ ಕೊಡು ಅನ್ನುವ ಮಾತು. ದಶಮಾಂಶದ ಆ ಖಾತೆಯಿಂದ ಚರ್ಚಿಗೆ ಕಾಣಿಕೆ ಕಳಿಸುವ ಮೊದಲು ಯಾರ ಜೊತೆಗಾದರೂ ಮುನಿಸು ಇದೆಯಾ ಅಂತ ಕೇಳಿಕೊಳ್ಳುತ್ತೇನೆ. ಇದ್ದರೆ ಮೊದಲು ಫೋನ್. ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷ ಆಗಿತ್ತು, ಆಸ್ತಿ ವಿಷಯ. ನಂಬರ್ ತೆಗೆದು ಇಡುವುದು, ಮತ್ತೆ ತೆಗೆಯುವುದು, ಹೀಗೇ ದಿನ ಹೋದವು. ಕೊನೆಗೆ ಮಾಡಿದೆ, ಎರಡನೇ ರಿಂಗ್‌ಗೇ ಎತ್ತಿದ. ಆ ತಿಂಗಳ ದಶಮಾಂಶ ಹನ್ನೆರಡು ದಿನ ತಡವಾಗಿ ಹೋಯಿತು.