ಕಾವಾ ಬಾಹಾದಲ್ಲಿ ತಿಂದು ತಿರುಗುವುದು ಹೇಗೆ?

ಮ್ಯಾಡ್ರಿಡ್‌ನ ಲಾ ಲತೀನಾ ಬಡಾವಣೆಯಲ್ಲಿ ಹೊಸಬರ ರಾತ್ರಿ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಬೇಗ ಹೋಗುತ್ತಾರೆ, ಹೋದವರು ಮೊದಲ ಬಾರ್‌ನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಅಲ್ಲಿನ ಹೆಚ್ಚಿನ ಅಡುಗೆಮನೆಗಳು ಮಧ್ಯಾಹ್ನ 4ರ ಸುಮಾರಿಗೆ ಮುಚ್ಚಿದರೆ ಮತ್ತೆ ಒಲೆ ಹಚ್ಚುವುದು ರಾತ್ರಿ 8ರ ನಂತರ. ಏಳಕ್ಕೇ ಹೋದರೆ ಬಿಯರ್, ಆಲಿವ್, ಖಾಲಿ ಕುರ್ಚಿ ಅಷ್ಟೇ. ಹತ್ತಕ್ಕೆ ಹೋದರೆ ಒಳಗೆ ಕಾಲಿಡಲೂ ಜಾಗವಿರದು. 8.30ಕ್ಕೆ ಲಾ ಲತೀನಾ ಮೆಟ್ರೊ ನಿಲ್ದಾಣದಲ್ಲಿ (5ನೇ ಲೈನ್) ಇಳಿದು ಕಾವಾ ಬಾಹಾ ಬೀದಿಗೆ ನಡೆಯಿರಿ.

ಗುರುವಾರದಿಂದ ಶನಿವಾರದ ರಾತ್ರಿಗಳು ಚೆನ್ನ. ಆದರೆ ಈ ಬಡಾವಣೆಯ ನಿಜವಾದ ಹಬ್ಬ ಭಾನುವಾರ ಮಧ್ಯಾಹ್ನ. ಬೆಳಿಗ್ಗೆ 9ರಿಂದ 3ರವರೆಗೆ ರಸ್ತ್ರೊ ಎಂಬ ಹಳೆ ಸಾಮಾನಿನ ಬೀದಿ ಸಂತೆ. ಅದು ಮುಗಿಯುವ ಮೊದಲೇ ಜನ ವೆರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್) ಕುಡಿಯಲು ಬಾರ್‌ಗಳಿಗೆ ನುಗ್ಗುತ್ತಾರೆ. ಸಂತೆಯ ನೂಕುನುಗ್ಗಲಿನಲ್ಲಿ ಪರ್ಸ್ ಹಿಂದಿನ ಜೇಬಿನಲ್ಲಿರಬಾರದು. ಭಾನುವಾರ ರಾತ್ರಿ ಮತ್ತು ಸೋಮವಾರ ಹಲವು ಬಾಗಿಲುಗಳು ಮುಚ್ಚಿರುತ್ತವೆ.

ಕೌಂಟರ್ ಬಳಿ ನಿಂತೇ ತಿನ್ನಿ. ಹೊರಗಿನ ಮೇಜುಗಳಲ್ಲಿ ಬೆಲೆ ಹೆಚ್ಚಿರುವುದುಂಟು, ಅಲ್ಲಿ ಕೂತರೆ ಏಳುವ ಮನಸ್ಸೂ ಬರುವುದಿಲ್ಲ. ಬಿಯರ್ ಬೇಕಾದರೆ ‘ಕಾನ್ಯಾ’ ಕೇಳಿ: ಸುಮಾರು 200 ಮಿ.ಲೀ.ನ ಸಣ್ಣ ಗ್ಲಾಸು. ದೊಡ್ಡದು ತೆಗೆದುಕೊಂಡರೆ ಅರ್ಧ ಮುಗಿಯುವುದರೊಳಗೆ ಬೆಚ್ಚಗಾಗುತ್ತದೆ. ಮದ್ಯ ಬೇಡದವರಿಗೆ ‘ಮೊಸ್ತೊ’, ಅಂದರೆ ಹುಳಿಯಿಸದ ದ್ರಾಕ್ಷಿರಸ. ಪಾನೀಯದ ಜೊತೆ ಕೇಳದೆಯೇ ಬರುವ ಆಲಿವ್, ಚಿಪ್ಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಬ್ರೆಡ್ಡಿಗೆ ಇರಬಹುದು. ‘ಪಿಂಚೊ’ ಅಂದರೆ ಒಂದು ಸಣ್ಣ ತುಣುಕು, ಒಬ್ಬರಿಗೆ; ‘ಮೇದಿಯಾ ರಾಸ್ಯೋನ್’ ಅಂದರೆ ಅರ್ಧ ತಟ್ಟೆ, ಇಬ್ಬರಿಗೆ. ಪೂರ್ತಿ ‘ರಾಸ್ಯೋನ್’ ಮೂರ್ನಾಲ್ಕು ಜನರಿಗೆ; ಇಬ್ಬರೇ ಅದನ್ನು ತರಿಸಿಕೊಂಡರೆ ಆ ರಾತ್ರಿಯ ಸುತ್ತಾಟ ಅಲ್ಲಿಗೇ ಮುಗಿಯಿತು. ಒಂದು ಬಾರ್, ಒಂದು ತಿನಿಸು, ಒಂದು ಗ್ಲಾಸು, ಮುಂದಕ್ಕೆ. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟರೆ ಸಾಕು.

ಮೊದಲ ನಿಲುಗಡೆ ಪುವೆರ್ತಾ ದೆ ಮೋರೋಸ್ ಚೌಕದ ಹುವಾನಾ ಲಾ ಲೋಕಾ ಬಾರ್. ಇಲ್ಲಿ ಕೇಳಬೇಕಾದದ್ದು ತೊರ್ತಿಯಾ ಎಂಬ ದಪ್ಪ ಆಮ್ಲೆಟ್: ಆಲೂಗಡ್ಡೆ, ಮೊಟ್ಟೆ, ಜೊತೆಗೆ ಕಂದು ಬಣ್ಣ ಬರುವಷ್ಟು ನಿಧಾನವಾಗಿ ಬಾಡಿಸಿದ ಈರುಳ್ಳಿ. ಒಳಗೆ ಮೊಟ್ಟೆ ಅರೆಬೆಂದೇ ಇರುತ್ತದೆ, ಅದೇ ಅದರ ಸೊಗಸು. ಅದು ಸಹಿಸದವರು ಬೇರೆ ಬಾರ್‌ನ ಗಟ್ಟಿ ತೊರ್ತಿಯಾ ಹುಡುಕುವುದು ವಾಸಿ. ಅಲ್ಲಿಂದ ಕಾವಾ ಬಾಹಾಗೆ. ಕಾಸಾ ಲೂಸಿಯೊ ಹೆಸರು ಮಾಡಿರುವುದು ಕರಿದ ಆಲೂಗಡ್ಡೆಯ ಮೇಲೆ ಮೊಟ್ಟೆ ಒಡೆದು ಕಲಸುವ ವೇವೊಸ್ ರೋತೊಸ್‌ಗೆ. ಅಲ್ಲಿಗೆ ಮುಂಚೆಯೇ ಮೇಜು ಕಾದಿರಿಸಬೇಕು; ಅದೇ ಬೀದಿಯಲ್ಲಿ ಅದೇ ಕುಟುಂಬದ ಲೋಸ್ ವೇವೊಸ್ ದೆ ಲೂಸಿಯೊ ಇನ್ನಷ್ಟು ಸಲೀಸು.

ಸಸ್ಯಾಹಾರಿಗಳು ಇಲ್ಲಿ ಹುಷಾರಾಗಿರಬೇಕು. ‘ಮಾಂಸ ಬೇಡ’ ಎಂದರೆ ಸಾಲದು, ಹಾಮೊನ್ ಎಂಬ ಒಣಗಿಸಿದ ಹಂದಿತೊಡೆಯನ್ನೂ ಟ್ಯೂನಾ ಮೀನನ್ನೂ ಹಲವರು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಸಿನ್ ಹಾಮೊನ್, ಸಿನ್ ಅತೂನ್’ ಎಂದು ಬಿಡಿಸಿ ಹೇಳಿ. ‘ವೆಹೆತಾಲ್’ (ತರಕಾರಿ) ಸ್ಯಾಂಡ್‌ವಿಚ್‌ನಲ್ಲೂ ಟ್ಯೂನಾ ಇರುವುದುಂಟು. ಕ್ರೊಕೇತಾ ಎಂಬ ಕರಿದ ಉಂಡೆಗಳಲ್ಲಿ ಬಹುಪಾಲು ಹಾಮೊನ್. ಟೊಮೆಟೊದ ತಣ್ಣನೆಯ ಗಟ್ಟಿ ಸೂಪ್ ಸಾಲ್ಮೊರೇಹೊ ಮೇಲೂ ಅದನ್ನೇ ಉದುರಿಸುತ್ತಾರೆ. ಧೈರ್ಯವಾಗಿ ಕೇಳಬಹುದಾದದ್ದು ಉಪ್ಪು ಹಾಕಿ ಕರಿದ ಪಾದ್ರೋನ್ ಮೆಣಸಿನಕಾಯಿ (ಬಹಳಷ್ಟು ಸಪ್ಪೆ, ನಡುವೆ ಒಂದೊಂದು ಕಣ್ಣಲ್ಲಿ ನೀರು ತರಿಸುತ್ತದೆ). ಮೀನು ಕರಿದ ಎಣ್ಣೆ ಆಗದವರು ಅದನ್ನೂ ಕೇಳಿಕೊಳ್ಳಬೇಕು. ಬ್ರಾವಾಸ್ ಎಂಬ ಕರಿದ ಆಲೂಗಡ್ಡೆಯ ಖಾರದ ಸಾಸ್‌ಗೆ ಕೆಲವೆಡೆ ಮಾಂಸದ ಸಾರು ಬೀಳುತ್ತದೆ. ಮಾಂಚೇಗೊ ಚೀಸ್‌ಗೆ ಸಾಂಪ್ರದಾಯಿಕವಾಗಿ ಬಳಸುವ ಹೆಪ್ಪು ಪ್ರಾಣಿಮೂಲದ್ದು.

ಹನ್ನೆರಡರ ನಂತರ ತಿನಿಸು ನಿಂತು ಕಾಕ್‌ಟೇಲ್ ಶುರು. ಜಿನ್-ಟಾನಿಕ್‌ಗೆ ಅಳತೆಯಿಲ್ಲದೆ ಸುರಿಯುವ ಅಭ್ಯಾಸ ಇದೆ, ಒಂದನ್ನು ಎರಡೆಂದೇ ಎಣಿಸಿ. ಗ್ಲಾಸು ಹಿಡಿದು ಚೌಕಕ್ಕೆ ಬರಬೇಡಿ: ಬೀದಿಯಲ್ಲಿ ಮದ್ಯ ಕುಡಿಯುವುದಕ್ಕೆ ದಂಡ ಬೀಳುತ್ತದೆ. ಕುಣಿಯಬೇಕೆಂದರೆ ಅರೆನಾಲ್ ಬೀದಿಯ ಕಡೆ ಹೋಗಬೇಕು. ಕ್ಲಬ್ಬುಗಳು ತುಂಬುವುದು 2ರ ಮೇಲೆ, ಮುಚ್ಚುವುದು 6ರ ಸುಮಾರಿಗೆ. ಮೆಟ್ರೊ ನಡುರಾತ್ರಿಯ ನಂತರ ನಿಂತು ಬೆಳಿಗ್ಗೆ 6ಕ್ಕೆ ಮತ್ತೆ ಶುರು. ನಡುವೆ ಸಿಬೇಲೆಸ್ ಚೌಕದಿಂದ ‘ಬೂಹೊ’ ರಾತ್ರಿ ಬಸ್ಸುಗಳಿವೆ. ಟ್ಯಾಕ್ಸಿಯಾದರೆ ಬಿಳಿ ಕಾರು, ಬಾಗಿಲ ಮೇಲೆ ಕೆಂಪು ಓರೆಪಟ್ಟಿ. ಹಸಿರು ದೀಪ ಉರಿಯುತ್ತಿದ್ದರೆ ಖಾಲಿ.

ಅರೆನಾಲ್ ಪಕ್ಕದ ಓಣಿಯಲ್ಲೇ 1894ರ ಸಾನ್ ಹಿನೇಸ್ ಚಾಕೊಲೇಟ್ ಅಂಗಡಿ. ಚುರ್ರೊ ಎಂಬ ಕರಿದ ಕಡ್ಡಿಗೆ ಹಿಟ್ಟು, ನೀರು, ಉಪ್ಪು, ಎಣ್ಣೆ ಇಷ್ಟೇ. ಕಪ್ಪಿನಲ್ಲಿ ಬರುವ ಚಾಕೊಲೇಟ್ ತುಂಬ ಗಟ್ಟಿ. ಚುರ್ರೊ ಅದ್ದಿ ತಿನ್ನುವುದಕ್ಕೇ ಅದು. ಇಬ್ಬರಿಗೆ ಒಂದು ಕಪ್ ಸಾಕು.