20.9 ತೋರಿಸ್ತಿದೆ, ಆದ್ರೆ ಸೆನ್ಸರ್ ಬದುಕಿದೆಯಾ?

ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಆಕ್ಸಿಜನ್ ಮಾನಿಟರ್ ಆನ್ ಮಾಡಿದ ಕೂಡಲೇ 20.9 ಬಂತು, ಸರಿ ಇದೆ ಬಿಡು ಅಂತ ಸಿಕ್ಕಿಸಿಕೊಂಡು ಟ್ಯಾಂಕ್ ಒಳಗೆ ಇಳಿಯುವವರು ಬೇಕಾದಷ್ಟು ಜನ. ಹೊರಗಿನ ಗಾಳಿಯಲ್ಲಿ ಇರೋದೇ ಶೇಕಡಾ 20.9, ಅದನ್ನು ತೋರಿಸೋದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಆಕ್ಸಿಜನ್ ಕಮ್ಮಿ ಆದಾಗ ಅಂಕಿ ಇಳಿಯುತ್ತಾ, ಅಲಾರಂ ಕೂಗುತ್ತಾ? ಅದನ್ನು ನೋಡಬೇಕು.

ತುಂಬಾ ಉಪಕರಣಗಳಲ್ಲಿ ಇರುವ ಸೆನ್ಸರ್ ಒಂದು ಪುಟ್ಟ ಬ್ಯಾಟರಿ ಇದ್ದಹಾಗೆ. ಒಳಗೆ ಸೀಸ, ಜೊತೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಸಣ್ಣ ತೂತಿನಿಂದ ಗಾಳಿ ಒಳಗೆ ಹೋದಂತೆಲ್ಲ ಸೀಸ ಸವೆಯುತ್ತಾ ಬರುತ್ತದೆ, ಉಪಕರಣ ಆಫ್ ಆಗಿದ್ದರೂ ಸವೆಯುತ್ತದೆ. ಹಾಗಾಗಿ 'ನಾನು ಬಳಸೇ ಇಲ್ಲ, ಹೊಸದರ ಥರಾನೇ ಇದೆ' ಅನ್ನೋ ಮಾತು ಇಲ್ಲಿ ನಡೆಯಲ್ಲ. ಸಾಮಾನ್ಯವಾಗಿ 2 ವರ್ಷದ ಆಯಸ್ಸು. ಸೀಸ ಇಲ್ಲದವು ಇನ್ನೂ ಜಾಸ್ತಿ ಬಾಳುತ್ತವೆ, ಆದ್ರೆ ಗಾತ್ರ ಒಂದೇ ಇದೆ ಅಂತ ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬೇಡಿ.

ದಿನಾ ಬಳಸುವ ಮೊದಲು ಬಂಪ್ ಟೆಸ್ಟ್ ಮಾಡಿ. ಆಕ್ಸಿಜನ್ ಕಮ್ಮಿ ಇರುವ ಟೆಸ್ಟ್ ಗ್ಯಾಸ್ ಬಿಟ್ಟು, ಅಂಕಿ ಎಷ್ಟು ಬೇಗ ಇಳಿಯುತ್ತೆ, 19.5ರ ಹತ್ತಿರ ಅಲಾರಂ ಬರುತ್ತಾ ನೋಡಿ. ಕೆಲವರು ಬಾಯಿಂದ ಊದಿ ನೋಡ್ತಾರೆ. ನಾವು ಬಿಡುವ ಉಸಿರಲ್ಲಿ ಆಕ್ಸಿಜನ್ ಸುಮಾರು ಶೇಕಡಾ 16 ಇರೋದ್ರಿಂದ ಅಂಕಿ ಇಳಿಯೋದು ನಿಜ, ಆದ್ರೆ ಅದು ಟೆಸ್ಟ್ ಅಲ್ಲ, ಮೇಲಾಗಿ ತೇವ ಬೇರೆ ಒಳಗೆ ಹೋಗುತ್ತದೆ.

ನನಗೆ ಸಿಟ್ಟು ಬರೋದು ಇನ್ನೊಂದು ಅಭ್ಯಾಸಕ್ಕೆ. ಸೆನ್ಸರ್ ಮುದಿಯಾಗಿ 19.8, 19.6 ಅಂತ ಜಾರುತ್ತಾ ಬಂದಾಗ ಕ್ಯಾಲಿಬ್ರೇಶನ್ (ಅಂಕಿ ಸರಿಹೊಂದಿಸುವ) ಬಟನ್ ಒತ್ತಿ ಮತ್ತೆ 20.9ಕ್ಕೆ ಎಳೆದು ನಿಲ್ಲಿಸ್ತಾರೆ, ವಾರ ಬಿಟ್ಟು ಮತ್ತೆ ಅದೇ. ಪದೇ ಪದೇ ಹೀಗೆ ಆಗ್ತಿದ್ರೆ ಸೆನ್ಸರ್ ಸಾಯ್ತಿದೆ ಅಂತ ಅರ್ಥ. ಅದಕ್ಕಿಂತ ಕೆಟ್ಟದ್ದು, ಕೆಲಸದ ಕೋಣೆಯಲ್ಲೇ ನಿಂತು ಒತ್ತೋದು. ಅಲ್ಲಿ ನಿಜವಾಗಿ 19 ಇದ್ದರೂ ಉಪಕರಣ ಅದನ್ನೇ 20.9 ಅಂತ ನಂಬಿಕೊಳ್ಳುತ್ತದೆ, ಅಲ್ವಾ? ಒತ್ತೋದಾದ್ರೆ ಬಯಲಿಗೆ ಬಂದು ಒತ್ತಿ.

ಇನ್ನು ಬದಲಿಸುವ ಕೆಲಸ. ಇದನ್ನೂ ಕೆಲಸದ ಜಾಗದಿಂದ ಆಚೆ, ಉಪಕರಣ ಆಫ್ ಮಾಡಿಯೇ ಮಾಡಿ. ಹಳೆಯದನ್ನು ನೇರವಾಗಿ ಎಳೆದು ತೆಗೆಯಿರಿ. ನಾನು ಬಿಚ್ಚಿದ ಒಂದರಲ್ಲಿ ಪಿನ್ ಸುತ್ತ ಉಪ್ಪಿನ ಥರ ಬಿಳಿ ಪುಡಿ ಕಟ್ಟಿತ್ತು. ಅದು ಸೋರಿ ಒಣಗಿದ ದ್ರಾವಣ, ಚರ್ಮ ಸುಡುತ್ತೆ. ಕೈಗವಸು ಹಾಕಿಕೊಳ್ಳಿ, ತಾಗಿದರೆ ತುಂಬಾ ಹೊತ್ತು ನೀರಲ್ಲಿ ತೊಳೆಯಿರಿ. ಹೊಸದರ ಪಿನ್‌ಗಳ ನಡುವೆ ಕ್ಲಿಪ್ ಇದ್ದರೆ ತೆಗೆಯೋದು ಮರೀಬೇಡಿ, ಮೇಲಿನ ಬಿಳಿ ಪೊರೆಯನ್ನು ಬೆರಳಲ್ಲಿ ಮುಟ್ಟಬೇಡಿ, ಪಿನ್‌ಗೆ ಬೆಸುಗೆ ಅಂತೂ ಬೇಡವೇ ಬೇಡ. ರಬ್ಬರ್ ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಿ. ಹಾಕಿದ ತಕ್ಷಣ ಕ್ಯಾಲಿಬ್ರೇಟ್ ಮಾಡೋಕೆ ಹೋಗಬೇಡಿ, ಕೈಪಿಡಿ ಹೇಳಿದಷ್ಟು ಹೊತ್ತು ಬಿಡಿ, ಅಂಕಿ ನಿಲ್ಲಲಿ. ಆಮೇಲೆ ಶುದ್ಧ ಗಾಳಿಯಲ್ಲಿ 20.9, ಸೊನ್ನೆ ಹೊಂದಿಸುವ ಸೌಲಭ್ಯ ಇದ್ದರೆ ಆಕ್ಸಿಜನ್ ಇಲ್ಲದ ನೈಟ್ರೋಜನ್ ಬಿಟ್ಟು ಅದನ್ನೂ ಮಾಡಿ, ಕೊನೆಗೆ ಒಂದು ಬಂಪ್ ಟೆಸ್ಟ್.

ಹಾಕಿದ ತಾರೀಖನ್ನು ಉಪಕರಣದ ಬೆನ್ನಿಗೆ ಬರೆದು ಅಂಟಿಸಿ. ಹಳೆಯದರಲ್ಲಿ ಸೀಸ ಇರೋದ್ರಿಂದ ಕಸದ ಬುಟ್ಟಿಗೆ ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.