ಕಲಬುರಗಿಯಲ್ಲಿ ಕುಳಿತು ಕಡಲ ದಂಡೆಯ ಕೋಣೆ ತುಂಬಿಸಿದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ ಇವೇ ಕೆಲಸ. ಇಲ್ಲಿಂದ ಸಮುದ್ರ ನೂರಾರು ಕಿಲೋಮೀಟರ್ ಆಚೆ. ನಮ್ಮ ಪಾಲಿಗೆ ದೊಡ್ಡ ನೀರೆಂದರೆ ಊರಿನ ಅಪ್ಪನ ಕೆರೆ. ಅಂಥ ನಾನು ನಾಲ್ಕು ವರ್ಷಗಳಿಂದ ಗೋಕರ್ಣದ ಕುಡ್ಲೆ ಕಡಲತೀರದ ಪಕ್ಕದ ಸಣ್ಣ ರೆಸಾರ್ಟೊಂದರ ಆನ್‌ಲೈನ್ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದೇನೆ. ರೆಸಾರ್ಟ್ ಎಂಬುದು ಬೋರ್ಡಿನ ಮಾತು. ಇರುವುದು ಒಂಬತ್ತು ಕೋಣೆ, ಒಂದು ಅಡುಗೆಮನೆ, ತೆಂಗಿನ ಮರಗಳ ನಡುವೆ ಎರಡು ಜೋಕಾಲಿ.

ಮಾಲೀಕ ನನ್ನ ಗೆಳೆಯ, ಕುಮಟಾ ಕಡೆಯವನು. ಇಲ್ಲಿ ಇಂಜಿನಿಯರಿಂಗ್ ಓದುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನಮ್ಮ ಬಿಸಿಲನ್ನು ಬೈಯುತ್ತ, ನಮ್ಮವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ನಾಲ್ಕು ವರ್ಷ ಕಳೆದ. ಕೊರೊನಾ ಎರಡನೇ ಅಲೆ ಇಳಿದ ಮೇಲೆ ಒಂದು ದಿನ ಫೋನ್ ಮಾಡಿದ. “ಅರ್ಧ ಕೋಣೆಗಳು ಖಾಲಿ. ಬರುವವರೂ ಬುಕಿಂಗ್ ಸೈಟಿನಿಂದಲೇ ಬರುತ್ತಾರೆ. ಕಮಿಷನ್ ಕೊಟ್ಟು ಕೊಟ್ಟು ನಾನೇ ಅವರ ಕೂಲಿಯಾಳಾಗಿದ್ದೇನೆ. ನಿನಗೆ ಕಂಪ್ಯೂಟರ್ ಗೊತ್ತಲ್ಲ, ಏನಾದರೂ ಮಾಡು ಮಾರಾಯ” ಎಂದ.

ಲೆಕ್ಕ ಹಾಕಿ ನೋಡಿದೆವು. ಎರಡು ಸಾವಿರದ ಕೋಣೆಗೆ ಶೇ 18 ಕಮಿಷನ್ ಎಂದರೆ 360 ರೂಪಾಯಿ. ಆ ಕಮಿಷನ್ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಒಟ್ಟು 425 ರೂಪಾಯಿ ಹತ್ತಿರ ಹತ್ತಿರ. ಹಾಸಿಗೆ ಹೊದಿಕೆ ಒಗೆಸುವ ಖರ್ಚು, ಹುಡುಗರ ಪಗಾರ, ಕರೆಂಟ್ ಬಿಲ್ ಎಲ್ಲ ಅದಾದ ಮೇಲಿನ ಮಾತು.

ಮೊದಲು ಕೈ ಹಾಕಿದ್ದು ವೆಬ್‌ಸೈಟಿಗೆ. ಹಾಕಿದ ಮೇಲೆಯೇ ಗೊತ್ತಾಯಿತು, ಅದು ಗೆಳೆಯನ ಹೆಸರಿನಲ್ಲೇ ಇರಲಿಲ್ಲ. ಹಿಂದೆ ಅದನ್ನು ಮಾಡಿಕೊಟ್ಟವನು ಡೊಮೇನನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ತನ್ನ ಹೆಸರಿನಲ್ಲೇ ಕೊಂಡಿದ್ದ, ಆಮೇಲೆ ಫೋನ್ ಎತ್ತುವುದನ್ನು ಬಿಟ್ಟಿದ್ದ. ಗೂಗಲ್ ಮ್ಯಾಪಿನಲ್ಲಿ ಹೋಟೆಲಿನ ಖಾತೆ ಇದ್ದದ್ದೂ ಅವನ ಇಮೇಲ್ ಮೇಲೆಯೇ. ಹೊಲ ನಮ್ಮದು, ಪಹಣಿ ಮಾತ್ರ ಬೇರೆಯವರ ಹೆಸರಿನಲ್ಲಿ! ದಿನಾ ಹತ್ತು ಜನರಿಗೆ ಪಹಣಿ ತೆಗೆದುಕೊಡುವ ನನಗೆ ಇದು ಬೇಗ ಅರ್ಥವಾಯಿತು, ಗೆಳೆಯನಿಗೆ ಅರ್ಥ ಮಾಡಿಸಲು ಒಂದು ಗಂಟೆ ಹಿಡಿಯಿತು. ಮ್ಯಾಪಿನ ಖಾತೆಯ ಮಾಲೀಕತ್ವ ಕೇಳಿ ಅರ್ಜಿ ಹಾಕಿ, ಬೋರ್ಡು, ಬಾಗಿಲು, ಒಳಗಿನ ಕೌಂಟರ್ ಎಲ್ಲ ಕಾಣುವಂತೆ ವಿಡಿಯೊ ಕಳಿಸಿ ಅದನ್ನು ಬಿಡಿಸಿಕೊಂಡೆವು. ಡೊಮೇನ್ ಹೋಯಿತು ಎಂದುಕೊಂಡು ಹೊಸದು ಕೊಂಡೆವು, ಈ ಸಲ ಗೆಳೆಯನ ಹೆಸರಿನಲ್ಲಿ, ಅವನದೇ ಇಮೇಲಿನಲ್ಲಿ. ನಾನು ನೋಡಿಕೊಳ್ಳುವವನು ಮಾತ್ರ. ನಾಳೆ ನಾನೂ ಫೋನ್ ಎತ್ತದಿದ್ದರೆ?

ಆಮೇಲೆ ಒಂದು ಮೂರ್ಖತನ ಮಾಡಿದೆ. ಮ್ಯಾಪಿನಲ್ಲಿ ರಿವ್ಯೂ ಕಡಿಮೆ ಇದ್ದವು. ಅಂಗಡಿಗೆ ಬರುವ ಗೆಳೆಯರಿಗೆಲ್ಲ ಚಹಾ ಕುಡಿಸಿ ಐದೈದು ಸ್ಟಾರ್ ಹಾಕಿಸಿದೆ. ಜೇವರ್ಗಿ ದಾಟಿ ಹೋಗದವರೂ “ಅಲೆಗಳು ಅದ್ಭುತ” ಎಂದು ಬರೆದರು. ಎರಡೇ ದಿನದಲ್ಲಿ ಇಪ್ಪತ್ತೆರಡು ರಿವ್ಯೂ. ವಾರದೊಳಗೆ ಅವೆಲ್ಲ ಮಾಯ. ಹೋದದ್ದು ಒಳ್ಳೆಯದೇ ಆಯಿತು. ಇದ್ದಿದ್ದರೆ ಅವನ್ನು ನಂಬಿ ಬಂದವರ ಬೈಗುಳ ತಿನ್ನಬೇಕಿತ್ತು.

ನಿಜವಾದ ಕೆಲಸ ಶುರುವಾದದ್ದು ನಾನೇ ಹೆಂಡತಿ, ಮಕ್ಕಳು, ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದಾಗ. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಬೆಳಗಿನ ಜಾವ ಹೊರಟು ಸಂಜೆ ಮುಟ್ಟಿದೆವು. ಮ್ಯಾಪಿನಲ್ಲಿದ್ದ ಗುರುತನ್ನು ನಂಬಿ ಹೋದರೆ ಕಾರು ದೇವಸ್ಥಾನದ ಕಡೆಯ ಇಕ್ಕಟ್ಟಾದ ಓಣಿಯೊಳಗೆ ಸಿಕ್ಕಿಕೊಂಡಿತು. ಹಿಂದೆ ಎರಡು ಆಟೊ, ಮುಂದೊಂದು ಆಕಳು. ಗೆಳೆಯನಿಗೆ ಫೋನ್ ಮಾಡಿದರೆ, “ಅಯ್ಯೋ, ಎಲ್ಲರೂ ಅಲ್ಲಿಗೇ ಹೋಗಿ ಫೋನ್ ಮಾಡುತ್ತಾರೆ, ಅಲ್ಲೇ ಇರು, ಹುಡುಗನನ್ನು ಕಳಿಸುತ್ತೇನೆ” ಎಂದ. ಎರಡು ವರ್ಷಗಳಿಂದ ಬಂದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು, ಇವನು ಎರಡು ವರ್ಷಗಳಿಂದ ಹುಡುಗನನ್ನು ಕಳಿಸುತ್ತಿದ್ದ! ಮರುದಿನ ಬೆಳಿಗ್ಗೆ ಕೋಣೆಗಳ ಮುಂದೆಯೇ ನಿಂತು ಗುರುತನ್ನು ಸರಿಯಾದ ಜಾಗಕ್ಕೆ ಎಳೆದೆ. ಗುಡ್ಡದ ಮೇಲೆ ಕಾರು ನಿಲ್ಲಿಸುವ ಜಾಗದ ಲೊಕೇಶನ್ ಬೇರೆ. ಅದನ್ನು ಬುಕಿಂಗ್ ಮಾಡಿದವರಿಗೆಲ್ಲ ವಾಟ್ಸ್ಆ್ಯಪಿನಲ್ಲಿ ಪ್ರತ್ಯೇಕವಾಗಿ ಕಳಿಸುವ ರೂಢಿ ಮಾಡಿಸಿದೆ.

ಕಾರು ನಿಲ್ಲಿಸಿದ ಮೇಲೆ ಮೆಟ್ಟಿಲು. ಕುಡ್ಲೆಯಲ್ಲಿ ದಂಡೆಯ ತನಕ ಗಾಡಿ ಹೋಗುವುದಿಲ್ಲ, ಇಳಿದೇ ಹೋಗಬೇಕು. ನಮ್ಮವ್ವನಿಗೆ ಮೊಣಕಾಲು ನೋವು. ಮೂರು ಕಡೆ ಕುಳಿತು, ದಾರಿಯುದ್ದಕ್ಕೂ “ಇಷ್ಟು ಇಳಿದಿದ್ದೇವೆ, ಮತ್ತೆ ಇಷ್ಟನ್ನೂ ಹತ್ತಬೇಕಲ್ಲ” ಎಂದು ಚಿಂತಿಸುತ್ತ ಬಂದಳು. ನಾನು ಎಣಿಸಿದೆ, ಎಪ್ಪತ್ತೆಂಟು. ರಿವ್ಯೂಗಳಲ್ಲಿ ಒಂದು, ಎರಡು ಸ್ಟಾರ್ ಕೊಟ್ಟವರನ್ನು ಮತ್ತೆ ಓದಿದೆ. ಹತ್ತರಲ್ಲಿ ಆರು ಮಂದಿಯ ಸಿಟ್ಟು ಮೆಟ್ಟಿಲಿನ ಮೇಲೆಯೇ ಇತ್ತು. ಆದರೆ ಯಾರೂ ಮೆಟ್ಟಿಲು ಇವೆ ಎಂದು ಸಿಟ್ಟಾಗಿರಲಿಲ್ಲ, ಮೊದಲೇ ಹೇಳಲಿಲ್ಲ ಎಂದು ಸಿಟ್ಟಾಗಿದ್ದರು.

“ಮೆಟ್ಟಿಲಿನ ಫೋಟೊ ಹಾಕೋಣ” ಎಂದೆ. ಗೆಳೆಯ ಒಪ್ಪಲಿಲ್ಲ. “ಸಮುದ್ರದ ಫೋಟೊ ಹಾಕುವ ಜಾಗದಲ್ಲಿ ಮೆಟ್ಟಿಲು ತೋರಿಸಿದರೆ ಯಾರು ಬರುತ್ತಾರೆ?” ಎಂದ. ಅವನಿಗೆ ಆ ಮೆಟ್ಟಿಲು ಕಾಣುವುದೇ ಇಲ್ಲ. ಹುಟ್ಟಿದಾಗಿನಿಂದ ಹತ್ತಿ ಇಳಿದ ಕಾಲು ಅವನದು. ಕೊನೆಗೆ ಆಯಿಯೇ, ಅಂದರೆ ಅವನ ತಾಯಿಯೇ, ನನ್ನ ಪರ ನಿಂತರು. ಮೇಲಿನಿಂದ ಕೆಳಗೆ ಕಾಣುವಂತೆ ಒಂದು ಫೋಟೊ, ಕೆಳಗಿನಿಂದ ಮೇಲಕ್ಕೆ ಇನ್ನೊಂದು. ನಮ್ಮ ವೆಬ್‌ಸೈಟಿನಲ್ಲಿ, ಬುಕಿಂಗ್ ಸೈಟಿನಲ್ಲಿ ಸ್ಪಷ್ಟವಾಗಿ ಬರೆದೆ: “ಕಾರು ನಿಲ್ಲಿಸುವ ಜಾಗದಿಂದ ಕೋಣೆಗೆ 78 ಮೆಟ್ಟಿಲು ಇಳಿಯಬೇಕು. ಸಾಮಾನು ಹೊರಲು ನಮ್ಮ ಹುಡುಗರು ಬರುತ್ತಾರೆ, ಅದಕ್ಕೆ ಹಣವಿಲ್ಲ. ಮೊಣಕಾಲು ನೋವಿರುವವರು ದಯವಿಟ್ಟು ಮೊದಲು ನಮಗೆ ಫೋನ್ ಮಾಡಿ.” ಫೋನ್‌ಗಳು ಶುರುವಾದದ್ದೇ ಆಮೇಲೆ. ಮೆಟ್ಟಿಲಿನ ಬಗ್ಗೆ ಕೇಳಲು ಫೋನ್ ಮಾಡಿದವರು ಊಟ, ನೀರು, ದಾರಿ ಎಲ್ಲ ಕೇಳುತ್ತಾರೆ, ಕೇಳುತ್ತ ಕೇಳುತ್ತ ನೇರವಾಗಿ ನಮ್ಮಲ್ಲೇ ಬುಕ್ ಮಾಡುತ್ತಾರೆ. ಕಮಿಷನ್ ಉಳಿದದ್ದು ಹೀಗೆ. ಸಮುದ್ರದ ಫೋಟೊದಿಂದ ಒಂದು ಫೋನೂ ಬಂದಿರಲಿಲ್ಲ, ಯಾಕೆಂದರೆ ಆ ಫೋಟೊ ಎಲ್ಲರ ಹತ್ತಿರವೂ ಇದೆ.

ಫೋಟೊ ವಿಷಯಕ್ಕೆ ಬಂದದ್ದರಿಂದ ಇನ್ನೊಂದು ಮಾತು. ಹಳೆಯ ಫೋಟೊಗಳನ್ನು ಯಾರೋ ಅಗಲ ಲೆನ್ಸಿನಲ್ಲಿ ತೆಗೆದಿದ್ದರು. ಹತ್ತು ಅಡಿ ಹನ್ನೆರಡು ಅಡಿಯ ಕೋಣೆ ಕಲ್ಯಾಣಮಂಟಪದಂತೆ ಕಾಣುತ್ತಿತ್ತು. ಅವನ್ನೆಲ್ಲ ತೆಗೆದು ಹಾಕಿದೆ. ಬಾಗಿಲಲ್ಲಿ ನಿಂತು ಬರಿಯ ಮೊಬೈಲಿನಲ್ಲಿ, ಬೆಳಿಗ್ಗೆ ಒಂಬತ್ತರ ಬೆಳಕಿನಲ್ಲಿ ತೆಗೆದೆ. ಬಚ್ಚಲುಮನೆಯದನ್ನು ಮೂರು ತೆಗೆದೆ: ಗೀಸರ್, ಬಕೆಟ್, ಕಮೋಡ್. ಹೆಣ್ಣುಮಕ್ಕಳು ಕೋಣೆ ಆರಿಸುವುದು ಬಚ್ಚಲುಮನೆ ನೋಡಿ. ಇದನ್ನು ಹೇಳಿಕೊಟ್ಟವಳು ನನ್ನ ಹೆಂಡತಿ.

ನಮ್ಮ ಕಡೆಯವರಿಗೆ ಸಮುದ್ರ ನೆನಪಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಇಲ್ಲಿ ಬಿಸಿಲು 42 ಡಿಗ್ರಿ ದಾಟಿರುತ್ತದೆ, ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ಮಕ್ಕಳಿಗೆ ರಜೆ. ಸಮುದ್ರದ ದಂಡೆ ಎಂದರೆ ತಂಪು ಎಂದುಕೊಂಡು ಹೊರಡುತ್ತಾರೆ. ಮೇ ತಿಂಗಳ ಗೋಕರ್ಣದಲ್ಲಿ ಬಿಸಿಲು ನಮ್ಮಷ್ಟು ಇಲ್ಲ ನಿಜ, ಆದರೆ ಅಂಗಿ ಮೈಗೆ ಅಂಟಿಕೊಳ್ಳುವ ಬೆವರು. ನಮ್ಮದು ಒಣ ಬಿಸಿಲು, ಆ ಬೆವರು ನಮಗೆ ಅಭ್ಯಾಸವಿಲ್ಲ. ಅದನ್ನೂ ಬರೆದೆ. ಯಾವ ಕೋಣೆಗೆ ಎಸಿ ಇದೆ, ಯಾವುದಕ್ಕೆ ಇಲ್ಲ, ಕರೆಂಟ್ ಹೋದರೆ ಜನರೇಟರಿನಲ್ಲಿ ಎಸಿ ನಡೆಯುವುದಿಲ್ಲ, ಫ್ಯಾನ್ ಮಾತ್ರ ಎಂದು ಕನ್ನಡದಲ್ಲೇ ಬರೆದೆ. ಕನ್ನಡದ ಪುಟ ಬೇಕೇ ಎಂದು ಗೆಳೆಯ ಅನುಮಾನಿಸಿದ್ದ, ಅವನ ಕಣ್ಣು ವಿದೇಶಿಯರ ಮೇಲಿತ್ತು. ಈಗ ಮೊಬೈಲಿಗೆ ಬಾಯಿಂದ ಹೇಳಿ ಹುಡುಕುವವರು ಸೇಡಂನಲ್ಲೂ ಇದ್ದಾರೆ, ಶಹಾಪುರದಲ್ಲೂ ಇದ್ದಾರೆ. ಅವರು ಕೇಳುವುದು ಕನ್ನಡದಲ್ಲಿ.

ಊಟದ ಪ್ರಶ್ನೆಗಳು ಇನ್ನೊಂದು ತಮಾಷೆ. ಆಯಿಯ ತಂಬುಳಿ, ನೀರುದೋಸೆ, ಮುರುಗಲು ಪಾನಕ ಎಲ್ಲರಿಗೂ ಹಿಡಿಸುತ್ತವೆ, ಒಂದು ಹೊತ್ತಿಗೆ. ಎರಡನೇ ದಿನ ನಮ್ಮವರು “ಖಾರ ಏನಾದರೂ ಇದೆಯೇ?” ಎನ್ನುತ್ತಾರೆ. ಈಗ ನಾನು ಇಲ್ಲಿಂದ ಹೋಗುವವರ ಕೈಯಲ್ಲೇ ಎರಡು ಕಿಲೋ ಶೇಂಗಾ ಹಿಂಡಿ, ಕಟಕ ರೊಟ್ಟಿಯ ಕಟ್ಟು ಕಳಿಸುತ್ತೇನೆ. ವೆಬ್‌ಸೈಟಿನಲ್ಲಿ “ಜೋಳದ ರೊಟ್ಟಿ ಸಿಗುತ್ತದೆ” ಎಂಬ ಸಾಲು ಇದೆ. ಕಡಲ ದಂಡೆಯ ಎಷ್ಟು ಹೋಟೆಲುಗಳು ಹೀಗೆ ಬರೆದಾವು!

ಮಳೆಗಾಲದಲ್ಲಿ ಮಾತ್ರ ನಾನು ಹಟ ಮಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ, ಪ್ರವಾಸಿಗರು ನೀರಿಗೆ ಇಳಿಯುವುದನ್ನು ಆ ದಿನಗಳಲ್ಲಿ ಪೊಲೀಸರು ತಡೆಯುತ್ತಾರೆ. ಹೀಗಿರುವಾಗ ಜನವರಿಯ ನೀಲಿ ಸಮುದ್ರದ ಫೋಟೊ ಹಾಕಿ ಜುಲೈಯ ಕೋಣೆ ಕೊಡುವುದು ನನಗೆ ಬೇಡವಾಗಿತ್ತು. ಮಳೆಯದೇ ಫೋಟೊ ಹಾಕಿ, ದರ ಇಳಿಸಿ, “ಈ ತಿಂಗಳು ಸಮುದ್ರ ನೋಡುವುದಕ್ಕೆ, ಇಳಿಯುವುದಕ್ಕಲ್ಲ” ಎಂದು ಬರೆದೆ. ಜನ ಕಡಿಮೆಯೇ ಬರುತ್ತಾರೆ. ಬಂದವರು ಜಗಲಿಯಲ್ಲಿ ಕುಳಿತು ಮಳೆ ನೋಡುತ್ತಾರೆ, ಯಾರೂ ಒಂದು ಸ್ಟಾರ್ ಕೊಟ್ಟಿಲ್ಲ. 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆ ಬಂದ ಬೀಚ್ ನಿಮ್ಮದೇ ಅಲ್ಲವೇ ಎಂದು ಕೇಳುವವರಿಗೂ ಅಲ್ಲ ಎಂದೇ ಹೇಳುತ್ತೇವೆ. ಅದು ಹೊನ್ನಾವರದ ಕಾಸರಕೋಡು, ಇನ್ನೊಂದು ಪಡುಬಿದ್ರಿ.

ಬುಕಿಂಗ್ ಸೈಟುಗಳನ್ನು ಬಿಟ್ಟಿಲ್ಲ. ಹೊರ ರಾಜ್ಯದವರು, ವಿದೇಶಿಯರು ನಮ್ಮನ್ನು ಮೊದಲು ಕಾಣುವುದು ಅಲ್ಲೇ. ಆದರೆ ಎರಡು ಸೈಟಿನಲ್ಲಿ ಒಂದೇ ಕೋಣೆ ಇಟ್ಟರೆ ಎರಡರ ಕ್ಯಾಲೆಂಡರೂ ಕೂಡಲೇ ಹೊಂದಿಕೊಳ್ಳುತ್ತವೆ ಎಂದು ನಂಬಬಾರದು. ಒಂದು ಶಿವರಾತ್ರಿಗೆ ಒಂದೇ ಕೋಣೆಗೆ ಎರಡು ಕುಟುಂಬಗಳು ಬಂದು ನಿಂತವು. ಗೋಕರ್ಣದಲ್ಲಿ ಶಿವರಾತ್ರಿ ದಿನ ಬೇರೆ ಕೋಣೆ ಹುಡುಕುವುದುಂಟೇ? ಗೆಳೆಯ ತನ್ನ ಮಲಗುವ ಕೋಣೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಚಾಪೆ ಹಾಸಿದ. ಅಂದಿನಿಂದ ಹಬ್ಬ, ಡಿಸೆಂಬರ್ ಕೊನೆಯ ವಾರ ಬಂದರೆ ಒಂದೇ ಸೈಟು ತೆರೆದಿಟ್ಟು ಉಳಿದದ್ದನ್ನು ನಾನೇ ಮುಚ್ಚುತ್ತೇನೆ.

ಒಂಬತ್ತರಲ್ಲಿ ಹಿಂಬದಿಯ ಎರಡು ಕೋಣೆಗಳು ಬಹಳ ದಿನ ಹೋಗುತ್ತಲೇ ಇರಲಿಲ್ಲ. ಕಿಟಕಿ ತೆಗೆದರೆ ಗುಡ್ಡದ ಕೆಂಪು ಮಣ್ಣು. ದರ ಇಳಿಸಿದರೂ ಯಾರಿಗೂ ಬೇಡ. ಹೋದ ಮಾರ್ಚಿನಲ್ಲಿ ಅಫಜಲಪುರದಿಂದ ಒಬ್ಬ ಹಿರಿಯರು ಫೋನ್ ಮಾಡಿದರು, ನಿವೃತ್ತ ಮಾಸ್ತರು. ಮೆಟ್ಟಿಲಿನದೆಲ್ಲ ಓದಿಕೊಂಡೇ ಫೋನ್ ಮಾಡಿದ್ದರು. ಅವರು ಕೇಳಿದ್ದೇ ಬೇರೆ: “ತಮ್ಮಾ, ರಾತ್ರಿ ಸಮುದ್ರದ ಸದ್ದು ಎಷ್ಟಿರುತ್ತದೆ? ನನಗೆ ನಿದ್ದೆ ಕಡಿಮೆ.”

ನಾನು ಇದನ್ನು ಬರೆದಿರಲಿಲ್ಲ. ಗೆಳೆಯನನ್ನು ಕೇಳಿದೆ. “ಸದ್ದೇ? ಯಾವ ಸದ್ದು?” ಎಂದ. ಆ ರಾತ್ರಿ ಹನ್ನೆರಡಕ್ಕೆ ಎದ್ದು ಮುಂದಿನ ಕೋಣೆಯಲ್ಲಿ ಅರ್ಧ ನಿಮಿಷ, ಹಿಂದಿನ ಕೋಣೆಯಲ್ಲಿ ಅರ್ಧ ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ಹೇಳಿದೆ. ಮರುದಿನ ಅಂಗಡಿಯಲ್ಲಿ ಮೊದಲನೆಯದನ್ನು ಹಾಕಿದಾಗ ಚಹಾ ತಂದ ಹುಡುಗ ಬಾಗಿಲಿನತ್ತ ತಿರುಗಿ “ಮಳೆ ಬಂತೇ ಕಾಕಾ?” ಎಂದ. ಎರಡನೆಯದರಲ್ಲಿ ಫ್ಯಾನಿನ ಸದ್ದೇ ಹೆಚ್ಚು. ಎರಡನ್ನೂ ಮಾಸ್ತರಿಗೆ ಕಳಿಸಿದೆ. ಹಿಂಬದಿಯ ಕೋಣೆಯನ್ನು ಮೂರು ರಾತ್ರಿಗೆ ಹಿಡಿದರು. ಅಂದೇ ಮಧ್ಯಾಹ್ನ ಆ ಎರಡು ಕೋಣೆಗಳ ವಿವರವನ್ನು ತಿದ್ದಿದೆ: “ಸಮುದ್ರ ಕಾಣುವುದಿಲ್ಲ. ರಾತ್ರಿ ಸದ್ದೂ ಅಷ್ಟಾಗಿ ಕೇಳುವುದಿಲ್ಲ.”